ಯುಟಿಲಿಟಿ ಅಂದರೆ ಯಾವ ಯುಟಿಲಿಟಿ?

ಹಿತ್ತಲಗಿಡ
ಬಹಳ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ. ಫ್ಲ್ಯಾಟಿನ ಪ್ಲ್ಯಾನಿನಲ್ಲಿ ಅಡುಗೆಮನೆ ಪಕ್ಕ ಯುಟಿಲಿಟಿ. ಬ್ಯಾಂಕಿನಲ್ಲಿ ವಿಳಾಸಕ್ಕೆ ಯುಟಿಲಿಟಿ ಬಿಲ್. ಮಗಳ ಅರ್ಥಶಾಸ್ತ್ರದ ಪುಸ್ತಕದಲ್ಲಿ ಮಾರ್ಜಿನಲ್ ಯುಟಿಲಿಟಿ. ಲ್ಯಾಪ್‌ಟಾಪಿನಲ್ಲಿ ಯುಟಿಲಿಟೀಸ್ ಅನ್ನೋ ಫೋಲ್ಡರ್. ಷೋರೂಮಿಗೆ ಹೋದರೆ ಯುಟಿಲಿಟಿ ವೆಹಿಕಲ್. ಇವೆಲ್ಲ ಒಂದೇ ಪದವಾ, ಅಥವಾ ಒಂದೇ ಥರ ಕಾಣುವ ಬೇರೆ ಬೇರೆ ಪದಗಳಾ? ನನ್ನ ಅನುಮಾನ ಇಷ್ಟು: ಸರಿಯಾದ ಹೆಸರು ಹೊಳೆಯದಿದ್ದಾಗ ಇಂಗ್ಲಿಷಿನವರು ಯುಟಿಲಿಟಿ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ತಿಳಿದವರು ಹೇಳಿ.

ಲ್ಯಾಟಿನ್‌ಪ್ರಿಯೆ
ಪದ ಒಂದೇ. ಬೇರು ಲ್ಯಾಟಿನ್ನಿನ ‘ಉತಿ’, ಅಂದರೆ ಬಳಸುವುದು. ಅದರಿಂದ ‘ಉತಿಲಿಸ್’, ಬಳಕೆಗೆ ಬರುವಂಥದ್ದು. ಅದರಿಂದ ‘ಉತಿಲಿತಾಸ್’. ಹಳೇ ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಯೂಸ್, ಯೂಶುವಲ್, ಅಬ್ಯೂಸ್ ಎಲ್ಲ ಇದೇ ಮನೆಯವು. ಪಾತ್ರೆಗೆ ಹೇಳುವ ಯುಟೆನ್ಸಿಲ್ ಕೂಡ. ವಿಪರೀತ ಬಡ್ಡಿಗೆ ಹೇಳುವ ಯೂಶುರಿ ಕೂಡ. ಬೇರೆಯವರ ದುಡ್ಡು ಬಳಸಿದ್ದಕ್ಕೆ ಕೊಡುವ ಬಾಡಿಗೆ ಅಲ್ವಾ ಬಡ್ಡಿ?

ಕಟ್ಟಡದ ವಿಷಯ ತೆಗೆದಿದ್ದೀರಿ, ಅದಕ್ಕೊಂದು ಮಾತು. ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಕಟ್ಟಡಕ್ಕೆ ಮೂರು ಗುಣ ಬೇಕು ಅಂದಿದ್ದ: ಗಟ್ಟಿಯಾಗಿರಬೇಕು, ಉಪಯೋಗಕ್ಕೆ ಬರಬೇಕು, ಚೆಂದ ಇರಬೇಕು. ನಡುವಿನದ್ದಕ್ಕೆ ಅವನು ಬಳಸಿದ ಪದವೇ ಉತಿಲಿತಾಸ್. ಅವನು ಇಡೀ ಕಟ್ಟಡಕ್ಕೆ ಕೊಟ್ಟ ಗುಣವನ್ನು ನಮ್ಮ ಬಿಲ್ಡರ್‌ಗಳು ವಾಷಿಂಗ್ ಮಷಿನ್ ಇಡುವ ಮೂಲೆಗೆ ಇಳಿಸಿದ್ದಾರೆ.

ಪಿಯು_ಮೇಷ್ಟ್ರು
ಅರ್ಥಶಾಸ್ತ್ರದ್ದು ನಾನು ಹೇಳುತ್ತೇನೆ, ಬಹಳ ವರ್ಷ ಅದನ್ನೇ ಪಾಠ ಮಾಡಿದವನು. ನಿಮ್ಮ ಮಗಳ ಪುಸ್ತಕದ ಯುಟಿಲಿಟಿಗೂ ‘ಉಪಯೋಗ’ಕ್ಕೂ ಸಂಬಂಧ ಕಮ್ಮಿ. ನಮ್ಮ ಕನ್ನಡ ಮಾಧ್ಯಮದ ಪುಸ್ತಕಗಳಲ್ಲಿ ಅದಕ್ಕೆ ‘ತುಷ್ಟಿಗುಣ’ ಅನ್ನುತ್ತಾರೆ. ಒಂದು ಸರಕು ಬಯಕೆಯನ್ನು ತಣಿಸುವ ಗುಣ. ಮದುವೆ ಊಟದಲ್ಲಿ ಮೊದಲನೇ ಒಬ್ಬಟ್ಟು ಕೊಡುವ ತುಷ್ಟಿ ಎರಡನೆಯದು ಕೊಡುವುದಿಲ್ಲ. ನಾಲ್ಕನೆಯದಕ್ಕೆ ಎಲೆ ಮೇಲೆ ಕೈ ಅಡ್ಡ ಇಡುತ್ತೀರಿ. ಅದೇ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಒಬ್ಬಟ್ಟು ದೇಹಕ್ಕೆ ಒಳ್ಳೆಯದೋ ಕೆಟ್ಟದ್ದೋ, ಅರ್ಥಶಾಸ್ತ್ರ ಕೇಳುವುದೇ ಇಲ್ಲ.

ಕಡಲತಡಿ
ಹಾಗಾದರೆ ಬೀಡಿಗೂ ಯುಟಿಲಿಟಿ ಉಂಟಾ ಮೇಷ್ಟ್ರೇ?

ಪಿಯು_ಮೇಷ್ಟ್ರು
ಉಂಟು ಮಾರಾಯ್ರೆ, ಸೇದುವವನಿಗೆ. ತರಗತಿಯಲ್ಲಿ ಪ್ರತಿ ವರ್ಷ ಯಾವನಾದರೂ ಹುಡುಗ ಇದನ್ನೇ ಕೇಳುತ್ತಿದ್ದ. ಕೇಳಬೇಕಾದ ಪ್ರಶ್ನೆಯೇ. ಈ ಪದ ಸರಿ ಇಲ್ಲ ಅಂತ ದೊಡ್ಡ ದೊಡ್ಡವರೇ ಗೊಣಗಿದ್ದಾರೆ.

ಕತೆ ಸ್ವಲ್ಪ ಉದ್ದ. ಆಡಂ ಸ್ಮಿತ್ 1776ರಲ್ಲಿ ನೀರು ಮತ್ತು ವಜ್ರದ ಒಗಟು ಇಟ್ಟ. ನೀರಿಲ್ಲದೆ ಬದುಕಿಲ್ಲ, ಆದರೆ ಅದಕ್ಕೆ ಬೆಲೆ ಇಲ್ಲ. ವಜ್ರದಿಂದ ಹೆಚ್ಚೇನೂ ಉಪಯೋಗವಿಲ್ಲ, ಬೆಲೆ ಮಾತ್ರ ಆಕಾಶಕ್ಕೆ. ಅವನ ಮಾತಿನಲ್ಲಿ ಯುಟಿಲಿಟಿ ಅಂದರೆ ಮಾಮೂಲಿ ಅರ್ಥದ ಉಪಯೋಗವೇ. ಅದೇ 1776ರಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ತನ್ನ ಮೊದಲ ಮುಖ್ಯ ಪುಸ್ತಕ ತಂದ. 1789ರ ಇನ್ನೊಂದು ಪುಸ್ತಕದಲ್ಲಿ ‘ಯುಟಿಲಿಟಿ ತತ್ವ’ವನ್ನೇ ನೀತಿಗೂ ಕಾನೂನಿಗೂ ಅಳತೆಗೋಲು ಮಾಡಿದ. ಯಾವ ಕೆಲಸದಿಂದ ಸುಖ ಹೆಚ್ಚಿ ನೋವು ಕಮ್ಮಿಯಾಗುತ್ತದೋ ಅದು ಸರಿ. ಇಲ್ಲಿ ನೋಡಿ, ಯುಟಿಲಿಟಿ ಹೋಗಿ ಸುಖದ ಜಾಗದಲ್ಲಿ ಕೂತುಬಿಟ್ಟಿತು. ಅದು ಅವನಿಗೇ ಆಮೇಲೆ ಕಸಿವಿಸಿ ತಂದಿತು. ಸುಖ, ಆನಂದ ಅನ್ನುವ ಪದಗಳು ಹೇಳುವಷ್ಟು ಸ್ಪಷ್ಟವಾಗಿ ಯುಟಿಲಿಟಿ ನೋವು ನಲಿವನ್ನು ಹೇಳುವುದಿಲ್ಲ ಅಂತ 1822ರಲ್ಲಿ ಆ 1789ರ ಪುಸ್ತಕಕ್ಕೆ ಅಡಿಟಿಪ್ಪಣಿ ಸೇರಿಸಿದ.

ಮುಂದೆ 1871ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ ಬಂದು, ಬೆಲೆಗೆ ಮುಖ್ಯವಾಗುವುದು ಒಟ್ಟು ಯುಟಿಲಿಟಿ ಅಲ್ಲ, ಕೊನೆಯ ತುಣುಕಿನ ಯುಟಿಲಿಟಿ ಅಂದ. ನೀರು ವಜ್ರದ ಗಂಟು ಅಲ್ಲಿಗೆ ಬಿಚ್ಚಿತು. ನಲ್ಲಿಯಲ್ಲಿ ನೀರು ಸುರಿಯುತ್ತಿರುವಾಗ ಇನ್ನೊಂದು ಲೋಟಕ್ಕೆ ಯಾರು ದುಡ್ಡು ಕೊಡುತ್ತಾರೆ? ಗಂಟು ಬಿಚ್ಚಿದರೂ ಹೆಸರಿನ ತಕರಾರು ಮುಗಿಯಲಿಲ್ಲ. ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊಗೆ ಈ ಪದ ಹಿಡಿಸಲೇ ಇಲ್ಲ. ಮಾರ್ಫಿನ್ ಚಟದವನಿಗೆ ಮಾರ್ಫಿನ್ ಬೇಕು, ಹಾಗಂತ ಅದು ಅವನಿಗೆ ಹಿತವಲ್ಲವಲ್ಲ ಅನ್ನುವುದು ಅವನ ವಾದ. ಗ್ರೀಕ್‌ನಿಂದ ‘ಒಫೆಲಿಮಿಟಿ’ ಅಂತ ಹೊಸ ಪದ ಕಟ್ಟಿದ. 1918ರಲ್ಲಿ ಅಮೆರಿಕದ ಇರ್ವಿಂಗ್ ಫಿಶರ್, ಯುಟಿಲಿಟಿ ಅನ್ನುವುದು ಸರಿಯಾದ ಹೆಸರೇ ಅಂತ ಕೇಳಿಯೇ ಒಂದು ಲೇಖನ ಬರೆದು ‘ವಾಂಟಬಿಲಿಟಿ’ ಅಂತ ಇಡೋಣ ಅಂದ. ಎರಡೂ ಓಡಲಿಲ್ಲ.

ಈಗ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅವರಿಬ್ಬರೂ ಒದ್ದಾಡಿದ್ದು ಯಾವುದಕ್ಕೋ ಅದನ್ನು ಕನ್ನಡದ ಪಠ್ಯಪುಸ್ತಕ ಸದ್ದಿಲ್ಲದೆ ಮಾಡಿಬಿಟ್ಟಿದೆ. ‘ಉಪಯುಕ್ತತೆ’ ಅಂತ ಪದಕ್ಕೆ ಪದ ಇಟ್ಟಿದ್ದರೆ ಬೀಡಿಯ ಪ್ರಶ್ನೆ ಬಗೆಹರಿಯುತ್ತಿರಲಿಲ್ಲ. ತುಷ್ಟಿಗುಣ ಅಂದಾಗ ಪ್ರಶ್ನೆಯೇ ಏಳುವುದಿಲ್ಲ. ಬೀಡಿ ತುಷ್ಟಿ ಕೊಡುತ್ತದೆ, ಮುಗಿಯಿತು.

ಹಿತ್ತಲಗಿಡ
ಮೇಷ್ಟ್ರೇ, ವಿವರಣೆ ಚೆನ್ನಾಗಿತ್ತು. ಆದರೆ ತುಷ್ಟಿಗುಣ ಅನ್ನುವ ಪದವನ್ನು ಪರೀಕ್ಷಾ ಹಾಲ್‌ನ ಹೊರಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಕೇಳಿದ್ದೀರಾ?

ಪಿಯು_ಮೇಷ್ಟ್ರು
ಇಲ್ಲ. ಮಾರ್ಜಿನಲ್ ಯುಟಿಲಿಟಿಯನ್ನೂ ಮೀನು ಮಾರ್ಕೆಟ್ಟಿನಲ್ಲಿ ಕೇಳಿಲ್ಲ.

ಕಂಬದ_ಮೇಲಿನವ
ನಿವೃತ್ತ ಲೈನ್‌ಮ್ಯಾನ್ ನಾನು. ನಮ್ಮ ಕಡೆ ಈಗಲೂ ಎಲ್ಲರಿಗೂ ಕೆಇಬಿಯೇ, ಬೋರ್ಡ್ ಹೋಗಿ ಕಂಪನಿಗಳು ಬಂದರೂ. ನಮ್ಮ ಸಾಹೇಬರುಗಳು ಮೀಟಿಂಗಿನಲ್ಲಿ ‘ಪವರ್ ಯುಟಿಲಿಟಿ’ ಅನ್ನುತ್ತಿದ್ದರು. ವಿದ್ಯುತ್ತನ್ನೇ ಯುಟಿಲಿಟಿ ಅನ್ನುತ್ತಾರೋ, ಕಂಪನಿಯನ್ನೋ? ಯಾಕೆ ಅಂತ ಯಾರೂ ಹೇಳಲಿಲ್ಲ.

ಕಾಯ್ದೆ_ಕಟ್ಟೆ
ಎರಡನ್ನೂ ಅನ್ನುತ್ತಾರೆ ಅಣ್ಣಾ. ಅದರ ಪೂರ್ತಿ ಹೆಸರು ‘ಪಬ್ಲಿಕ್ ಯುಟಿಲಿಟಿ’, ಮೊದಲಿನ ಪದ ಉದುರಿಹೋಗಿದೆ. ವಿಚಾರ ಏನೆಂದರೆ, ಕೆಲವು ವ್ಯಾಪಾರ ಖಾಸಗಿಯವರದ್ದೇ ಆದರೂ ಊರಿಗೆಲ್ಲ ಬೇಕಾದದ್ದು. ಒಂದೇ ಬೀದಿಯಲ್ಲಿ ನಾಲ್ಕು ಕಂಪನಿಗಳ ಕಂಬ, ನಾಲ್ಕು ಕಂಪನಿಗಳ ನೀರಿನ ಪೈಪು ಹಾಕುವುದು ಹುಚ್ಚುತನ. ಒಬ್ಬನಿಗೇ ಬಿಟ್ಟರೆ ಅವನು ಹೇಳಿದ್ದೇ ದರ. ಅದಕ್ಕೇ ಸರ್ಕಾರ ನಡುವೆ ಬಂದು ದರಕ್ಕೆ ಕಡಿವಾಣ ಹಾಕುತ್ತದೆ. ಅಮೆರಿಕದಲ್ಲಿ 1877ರಲ್ಲೇ ಈ ಮಾತು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮನ್ ಮತ್ತು ಇಲಿನಾಯ್ ರಾಜ್ಯದ ನಡುವಿನ ಮೊಕದ್ದಮೆ. ಅಲ್ಲಿ ಜಗಳ ವಿದ್ಯುತ್ತಿನದ್ದಲ್ಲ, ಧಾನ್ಯದ ಗೋದಾಮಿನ ಬಾಡಿಗೆಯದ್ದು. ಜನರ ಹಿತಕ್ಕೆ ಸಂಬಂಧಿಸಿದ ವ್ಯಾಪಾರಕ್ಕೆ ರಾಜ್ಯ ದರ ನಿಗದಿ ಮಾಡಬಹುದು ಅಂತ ಕೋರ್ಟ್ ಒಪ್ಪಿತು.

ನಮ್ಮಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ‘ಪಬ್ಲಿಕ್ ಯುಟಿಲಿಟಿ ಸರ್ವಿಸ್’ ಅಂತ ಪಟ್ಟಿಯೇ ಇತ್ತು. ರೈಲು, ಅಂಚೆ, ಫೋನು, ವಿದ್ಯುತ್, ನೀರು, ನೈರ್ಮಲ್ಯ. ಇವುಗಳಲ್ಲಿ ಕೆಲಸ ಮಾಡುವವರು ಮುಷ್ಕರಕ್ಕೆ ಮುಂಚೆ ನೋಟಿಸ್ ಕೊಡಲೇಬೇಕಿತ್ತು, ಕೊಟ್ಟ ಮೇಲೆ 14 ದಿನ ಕಾಯಲೇಬೇಕಿತ್ತು. ಇನ್ನೊಂದು ಪಟ್ಟಿ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲಿದೆ. 2002ರ ತಿದ್ದುಪಡಿಯಲ್ಲಿ ಖಾಯಂ ಲೋಕ ಅದಾಲತ್ ಬಂತು, ಸಾರ್ವಜನಿಕ ಉಪಯುಕ್ತ ಸೇವೆಗಳ ತಕರಾರಿಗೆ ಅಂತಲೇ. ಅಲ್ಲಿ ಆಸ್ಪತ್ರೆಯೂ ಇದೆ, ವಿಮೆಯೂ ಇದೆ. ವಿಮೆ ಕಂಪನಿ ಕ್ಲೇಮ್ ಕೊಡದೆ ಸತಾಯಿಸಿದರೆ ಕೋರ್ಟ್ ಫೀ ಇಲ್ಲದೆ ಅಲ್ಲಿ ಅರ್ಜಿ ಹಾಕಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಇಲ್ಲಿ ತುರುಕಿದೆ.

ಕಂಬದ_ಮೇಲಿನವ
ಒಳ್ಳೇದಾಯ್ತು ಸರ್. ಶಿವನಸಮುದ್ರದಿಂದ 1902ರಲ್ಲಿ ಕೋಲಾರ ಚಿನ್ನದ ಗಣಿಗೆ ಲೈನ್ ಎಳೆದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಮೊದಲು ಗಣಿಯ ಉಪಯೋಗ, ಆಮೇಲೆ ಊರಿನ ಉಪಯೋಗ. ಪಬ್ಲಿಕ್ ಆಗೋಕೆ ಮೂರು ವರ್ಷ ಹಿಡಿಯಿತು ಅನ್ನಿ.

ಕೌಂಟರ್_ನಂ_4
ಬ್ಯಾಂಕಿನ ಪ್ರಶ್ನೆಗೆ ಉತ್ತರ ಅಲ್ಲೇ ಬಂತು. ಆ ಸೇವೆಗಳ ಬಿಲ್ಲೇ ಯುಟಿಲಿಟಿ ಬಿಲ್. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಹೆಸರು ಹಿಡಿದು ಹೇಳಿದ್ದಾರೆ: ಕರೆಂಟು, ಫೋನು, ಪೋಸ್ಟ್‌ಪೇಯ್ಡ್ ಮೊಬೈಲು, ಪೈಪ್ ಗ್ಯಾಸು, ನೀರು. ಎರಡು ತಿಂಗಳಿಗಿಂತ ಹಳೆಯದು ನಡೆಯುವುದಿಲ್ಲ. ಕೇಬಲ್ ಟಿವಿ ರಸೀದಿ ತಂದು ಜಗಳ ಆಡಬೇಡಿ, ದಯವಿಟ್ಟು. ಸಿಲಿಂಡರ್ ರಸೀದಿಯೂ ಆ ಪಟ್ಟಿಯಲ್ಲಿಲ್ಲ, ಪೈಪಿನಲ್ಲಿ ಬಂದರೆ ಮಾತ್ರ ಯುಟಿಲಿಟಿ. ಯಾಕೆ ಅಂತ ನನ್ನನ್ನು ಕೇಳಬೇಡಿ.

ಎಂಜಿರೋಡ್_ಹಳಬ
ಎಂ.ಜಿ. ರೋಡಿನ ಯುಟಿಲಿಟಿ ಬಿಲ್ಡಿಂಗನ್ನು ಎಲ್ಲರೂ ಮರೆತಿರಾ? 25 ಮಹಡಿ, ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ತಲೆ ಎತ್ತಿ ನೋಡುವ ಕಟ್ಟಡ ಅದೊಂದೇ. ಬೋರ್ಡಿನ ಮೇಲೆ ಸುಭಾಷ್‌ಚಂದ್ರ ಬೋಸರ ಹೆಸರಿದೆ, ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ ಅಂತಲೂ ಇದೆ. ಆಟೋದವರಿಗೆ ಯುಟಿಲಿಟಿ ಅಂದರೆ ಸಾಕು. ಅಲ್ಲಿ ಯಾವ ಯುಟಿಲಿಟಿ ಸಿಗುತ್ತೆ ಅಂತ ಒಬ್ಬರೂ ಕೇಳಿದ್ದು ನೋಡಿಲ್ಲ.

ಮೆಲ್ಬೋರ್ನ್_ಮನೆಮಂದಿ
ಗಾಡಿಯ ಯುಟಿಲಿಟಿ ನನ್ನ ಪಾಲಿಗೆ ಬಿಡಿ. ಆಸ್ಟ್ರೇಲಿಯಾದಲ್ಲಿ ಅದನ್ನು ಪ್ರೀತಿಯಿಂದ ‘ಯೂಟ್’ ಅನ್ನುತ್ತಾರೆ. ಮುಂದೆ ಕಾರು, ಹಿಂದೆ ತೆರೆದ ತೊಟ್ಟಿ. ಇಲ್ಲಿನವರು ಹೇಳುವ ಕತೆ ಇದು: 1930ರ ದಶಕದ ಶುರುವಿನಲ್ಲಿ ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡ್ ಕಡೆಯ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಕಾಗದ ಬರೆದಳು. ಭಾನುವಾರ ಚರ್ಚಿಗೆ ಹೋದರೆ ಮಳೆಯಲ್ಲಿ ನೆನೆಯಬಾರದು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಹಾಕಿಕೊಂಡು ಹೋಗಬೇಕು, ಅಂಥದ್ದೊಂದು ಮಾಡಿಕೊಡಿ ಅಂತ. ಎರಡು ಗಾಡಿ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಗೀಲಾಂಗ್ ಕಾರ್ಖಾನೆಯ ಲೂ ಬ್ಯಾಂಡ್ಟ್ ಅನ್ನುವ ಯುವ ವಿನ್ಯಾಸಕಾರ ಅದನ್ನು ಗೆರೆಗಿಳಿಸಿದ. 1934ರಲ್ಲಿ ‘ಕೂಪೆ ಯುಟಿಲಿಟಿ’ ಹೊರಬಂತು.

ಅಲ್ಲಿಂದ ಮುಂದೆ ಅದು ರೈತರ, ಬಡಗಿಗಳ, ಪ್ಲಂಬರ್‌ಗಳ ಗಾಡಿ. ನ್ಯೂ ಸೌತ್ ವೇಲ್ಸಿನ ಡೆನಿಲಿಕ್ವಿನ್‌ನಲ್ಲಿ ಯೂಟ್‌ಗಳದ್ದೇ ಜಾತ್ರೆ ನಡೆಯುತ್ತದೆ, ಸಾವಿರಾರು ಗಾಡಿ ಸೇರುತ್ತವೆ. ನಾನು ಒಮ್ಮೆ ಹೋಗಿದ್ದೆ. ಧೂಳು, ಬಿಸಿಲು, ನಮ್ಮ ದನಗಳ ಜಾತ್ರೆಯಲ್ಲಿ ಎತ್ತಿನ ಕೊಂಬು ಸವರಿ ತೋರಿಸುವವರ ಥರವೇ ಬಾನೆಟ್ ಸವರುವ ಗಂಡಸರು. ಫೋರ್ಡ್ 2016ರಲ್ಲಿ, ಹೋಲ್ಡನ್ 2017ರಲ್ಲಿ ಇಲ್ಲಿ ಗಾಡಿ ತಯಾರಿಸುವುದನ್ನೇ ನಿಲ್ಲಿಸಿದವು. ಈಗ ಬರುವುದೆಲ್ಲ ಹೊರಗಿನ ಪಿಕಪ್‌ಗಳು. ಹೆಸರು ಮಾತ್ರ ಯೂಟ್ ಅಂತಲೇ ಉಳಿದಿದೆ.

ಡೆಹ್ರಾಡೂನ್_ಡೈರಿ
ಕೆಲಸದ ಮೇಲೆ ಉತ್ತರಾಖಂಡದಲ್ಲಿದ್ದೇನೆ. ಇಲ್ಲಿನ ಬೆಟ್ಟದ ಹಳ್ಳಿಗಳಲ್ಲೂ ಸಾಮಾನು ಜನ ಎರಡನ್ನೂ ಸಾಗಿಸುವ ಪಿಕಪ್ ಗಾಡಿಗೆ ‘ಯುಟಿಲಿಟಿ’ ಅಂತಲೇ ಹೆಸರು. ಹಿಂದಿ ಪೇಪರಿನಲ್ಲೂ ಹಾಗೇ ಬರೆಯುತ್ತಾರೆ. ಇಂಗ್ಲಿಷ್ ಬಾರದ ಅಜ್ಜಿಯೂ ಯುಟಿಲಿಟಿ ಬಂತಾ ಅಂತ ಕೇಳುತ್ತಾಳೆ. ನಮ್ಮಲ್ಲಿ ಅದಕ್ಕೆ ಟೆಂಪೋ, ಗೂಡ್ಸ್ ಗಾಡಿ ಅನ್ನುತ್ತೇವೆ.

ಕಡಲತಡಿ
ಮತ್ತೆ ನಮ್ಮೂರಿನ ಎಸ್‌ಯುವಿ? ಬಿಡದಿಯಿಂದ ಬಂದ ಕ್ವಾಲಿಸ್‌ನಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗುತ್ತಿದ್ದೆವು, ಅದಕ್ಕೆ ಯುಟಿಲಿಟಿ ಅಂದರೆ ಒಪ್ಪುತ್ತೇನೆ. ಈಗ ಒಬ್ಬನೇ ಕೂತು ಮಾಲ್‌ಗೆ ಹೋಗುವ ಗಾಡಿಗೂ ಸ್ಪೋರ್ಟ್ಸ್ ಯುಟಿಲಿಟಿ ಅಂತೆ. ಸ್ಪೋರ್ಟ್ಸೂ ಇಲ್ಲ, ಯುಟಿಲಿಟಿಯೂ ಇಲ್ಲ.

ಸೂಜಿದಾರ_ಲೆಸ್ಟರ್
ಇಂಗ್ಲೆಂಡಿನಿಂದ ನಮಸ್ಕಾರ. ಬಟ್ಟೆಯ ಯುಟಿಲಿಟಿ ಯಾರೂ ಹೇಳಲಿಲ್ಲವಲ್ಲ! ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಬಟ್ಟೆಗೂ ರೇಷನ್ ಬಂತು, 1941ರ ಜೂನ್ 1ರಿಂದ. ಮೊದಲ ವರ್ಷ ಒಬ್ಬರಿಗೆ 66 ಕೂಪನ್. ದುಡ್ಡಿದ್ದರೆ ಸಾಲದು, ಕೂಪನ್ನೂ ಬೇಕು. ಕೂಪನ್ ಕೊಟ್ಟು ತಂದ ಬಟ್ಟೆ ಎರಡು ಒಗೆತಕ್ಕೇ ಪಿಸಿದರೆ ಜನ ಸುಮ್ನಿರ್ತಾರಾ? ಅದಕ್ಕೆ ಸರ್ಕಾರವೇ ಗುಣಮಟ್ಟ, ದರ ಎರಡನ್ನೂ ನಿಗದಿ ಮಾಡಿ ‘ಯುಟಿಲಿಟಿ’ ಬಟ್ಟೆ ತಂದಿತು. ಲೇಬಲ್ ಮೇಲೆ ಸಿಸಿ41 ಅನ್ನುವ ಮುದ್ರೆ. ಆ ಎರಡು ಸಿ ತುಂಡು ಕತ್ತರಿಸಿದ ಚೀಸ್ ಉಂಡೆಯಂತೆ ಕಾಣುತ್ತಿದ್ದರಿಂದ ಜನ ‘ಚೀಸ್’ ಅಂತಲೇ ಕರೆದರು.

ಜೊತೆಗೇ ಇನ್ನೊಂದು ಕಟ್ಟುಪಾಡು ಬಂತು. ಗುಂಡಿ ಇಷ್ಟೇ, ನೆರಿಗೆ ಇಷ್ಟೇ, ಜೇಬು ಇಷ್ಟೇ. ಗಂಡಸರ ಪ್ಯಾಂಟಿನ ಕೆಳಗೆ ಮಡಿಸಿ ಹೊಲಿಯುವ ಪಟ್ಟಿಯನ್ನೂ ನಿಷೇಧಿಸಿದರು. ಜನ ಬಿಡುತ್ತಾರಾ? ಉದ್ದ ಜಾಸ್ತಿ ಇರುವ ಪ್ಯಾಂಟ್ ತಂದು ಮನೆಯಲ್ಲೇ ಮಡಿಸಿ ಹೊಲಿದುಕೊಂಡರು. ಪೀಠೋಪಕರಣಕ್ಕೂ ಯುಟಿಲಿಟಿ ಬಂತು. ಅದು ಹೊಸದಾಗಿ ಮದುವೆಯಾದವರಿಗೆ ಮತ್ತು ಬಾಂಬಿಗೆ ಮನೆ ಕಳೆದುಕೊಂಡವರಿಗೆ ಮಾತ್ರ. 1952ರ ತನಕ ಈ ಯೋಜನೆ ನಡೆಯಿತು.

ಇಲ್ಲಿ ಗಮನಿಸಿ. ಹಾರ್ಡಿ ಏಮಿಸ್, ನಾರ್ಮನ್ ಹಾರ್ಟ್‌ನೆಲ್ ಅಂಥ ದೊಡ್ಡ ವಿನ್ಯಾಸಕಾರರೇ ಯುಟಿಲಿಟಿ ಉಡುಪಿಗೆ ಮಾದರಿ ಮಾಡಿಕೊಟ್ಟಿದ್ದರು. ಹಾರ್ಟ್‌ನೆಲ್ ಅರಮನೆಗೆ ಹೊಲಿಯುತ್ತಿದ್ದವನು. ಹಿತ್ತಲಗಿಡ ಅವರ ‘ಹೆಸರು ಹೊಳೆಯದಿದ್ದಾಗ’ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಇದು ಬೇಕಂತಲೇ ಆರಿಸಿ ಇಟ್ಟ ಹೆಸರು.

ಹಿತ್ತಲಗಿಡ
ಬಟ್ಟೆಯ ವಿಷಯದಲ್ಲಿ ಒಪ್ಪಿದೆ. ಬೇರೆ ಕಡೆ ನನ್ನ ವಾದ ಬಿಡುವುದಿಲ್ಲ. ನೀವೆಲ್ಲ ಬರೆಯುವಷ್ಟರಲ್ಲಿ ಸ್ವಲ್ಪ ಹುಡುಕಿದೆ. ನಿಮ್ಮದೇ ಇಂಗ್ಲೆಂಡಿನ ಕೆನೆಲ್ ಕ್ಲಬ್ ನಾಯಿಗಳನ್ನು ಗುಂಪು ಮಾಡಿದೆ. ಬೇಟೆಯವು, ಮಂದೆ ಕಾಯುವವು, ಹೀಗೆ. ಅದರಲ್ಲೊಂದು ಯುಟಿಲಿಟಿ ಗುಂಪು. ಅಲ್ಲಿ ಯಾರಿದ್ದಾರೆ ಗೊತ್ತಾ? ಬುಲ್‌ಡಾಗ್, ಪೂಡ್ಲ್, ಡಾಲ್ಮೇಷನ್, ಚೌ ಚೌ. ಒಂದಕ್ಕೊಂದು ಸಂಬಂಧವೇ ಇಲ್ಲ. ಬೇರೆ ಗುಂಪಿಗೆ ಸೇರದವು ಇಲ್ಲಿಗೆ. ಅಮೆರಿಕದಲ್ಲಿ ಗೋಮಾಂಸಕ್ಕೆ ದರ್ಜೆ ಕೊಡುತ್ತಾರೆ. ಮೇಲೆ ಪ್ರೈಮ್, ಚಾಯ್ಸ್. ಯುಟಿಲಿಟಿ ಎಲ್ಲೋ ಕೆಳಗೆ. ಉಪಯೋಗಕ್ಕೆ ಬರುತ್ತೆ, ಅಷ್ಟೇ. ಹೊಗಳಿಕೆ ಅಲ್ಲ ಇದು.

ನಾಲ್ಕನೇ_ಸ್ಲಿಪ್
ಕ್ರಿಕೆಟ್ಟಿನಲ್ಲೂ ಹಾಗೇ. ಯುಟಿಲಿಟಿ ಪ್ಲೇಯರ್ ಅಂದರೆ ಅರ್ಧ ಹೊಗಳಿಕೆ, ಅರ್ಧ ಬೈಗುಳ. ಬ್ಯಾಟಿಂಗೂ ಸ್ವಲ್ಪ, ಬೌಲಿಂಗೂ ಸ್ವಲ್ಪ. ಆದರೆ 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದದ್ದು ನಮ್ಮ ರೋಜರ್ ಬಿನ್ನಿ, 18 ವಿಕೆಟ್. ರಣಜಿಯಲ್ಲಿ ಅವರು ಇನಿಂಗ್ಸ್ ಆರಂಭಿಸುತ್ತಿದ್ದವರು. ದ್ರಾವಿಡ್ 2003ರ ವಿಶ್ವಕಪ್ಪಿನಲ್ಲಿ ಗ್ಲೌಸ್ ತೊಟ್ಟು ವಿಕೆಟ್ ಹಿಂದೆ ನಿಂತರು, ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಗಲಿ ಅಂತ. ಅದನ್ನು ಕೆಳದರ್ಜೆ ಅಂದವರ ಜೊತೆ ನಾನು ಮಾತಾಡುವುದಿಲ್ಲ.

ಲ್ಯಾಟಿನ್‌ಪ್ರಿಯೆ
ನಾಟಕದಲ್ಲೂ ಇತ್ತು. 19ನೇ ಶತಮಾನದ ಇಂಗ್ಲಿಷ್ ನಾಟಕ ಕಂಪನಿಗಳಲ್ಲಿ ‘ಯುಟಿಲಿಟಿ’ ಅಂದರೆ ಯಾವ ಚಿಲ್ಲರೆ ಪಾತ್ರ ಕೊಟ್ಟರೂ ಮಾಡುವ ನಟ. ಇವತ್ತು ಸೇವಕ, ನಾಳೆ ಸೈನಿಕ. ಸಂಬಳವೂ ಕಮ್ಮಿ.

ಟರ್ಮಿನಲ್_ತಿಮ್ಮ
ಕಂಪ್ಯೂಟರಿನದ್ದು ಎರಡು ಬೇರೆ ಯುಟಿಲಿಟಿ. ಒಂದು, ಚಿಕ್ಕಪುಟ್ಟ ಕೆಲಸದ ಪ್ರೋಗ್ರಾಂಗಳು. ಫೈಲ್ ನಕಲು ಮಾಡುವುದು, ಡಿಸ್ಕ್ ಪರೀಕ್ಷಿಸುವುದು. ಅಳಿಸಿಹೋದ ಫೈಲನ್ನು ವಾಪಸ್ ತರುವ ಕೆಲಸದಿಂದ ಪೀಟರ್ ನಾರ್ಟನ್ 1982ರಲ್ಲಿ ನಾರ್ಟನ್ ಯುಟಿಲಿಟೀಸ್ ತಂದು ಹೆಸರು ಮಾಡಿದ. ಹಿತ್ತಲಗಿಡ ಅವರ ಲ್ಯಾಪ್‌ಟಾಪ್ ಫೋಲ್ಡರ್ ಈ ಜಾತಿಯದ್ದು.

ಎರಡನೆಯದು ಲೈನ್‌ಮ್ಯಾನ್ ಅಣ್ಣನ ಕಡೆಯದ್ದು. 1961ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ, ಮುಂದೊಂದು ದಿನ ಕಂಪ್ಯೂಟಿಂಗ್ ಕೂಡ ಟೆಲಿಫೋನಿನ ಹಾಗೆ ಪಬ್ಲಿಕ್ ಯುಟಿಲಿಟಿ ಆಗಬಹುದು ಅಂದಿದ್ದ. ಬಳಸಿದಷ್ಟಕ್ಕೆ ದುಡ್ಡು. ಈಗಿನ ಕ್ಲೌಡ್, ಅಂದರೆ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ, ಅದೇ. ಮೀಟರ್ ಓಡುತ್ತದೆ, ತಿಂಗಳ ಕೊನೆಗೆ ಬಿಲ್ ಬರುತ್ತದೆ. ದರ ನಿಗದಿ ಮಾಡುವ ಆಯೋಗ ಮಾತ್ರ ಇಲ್ಲ.

ಪ್ಲಂಬ್‌ಲೈನ್
ಮನೆಯ ಯುಟಿಲಿಟಿ ಬಗ್ಗೆ ಒಬ್ಬರೂ ಸರಿಯಾಗಿ ಬರೆಯಲಿಲ್ಲ. ಪ್ಲ್ಯಾನ್ ಹಾಕುವವನಾಗಿ ಹೇಳುತ್ತೇನೆ. ಬ್ರಿಟನ್ನಿನ ‘ಯುಟಿಲಿಟಿ ರೂಂ’ ಬಾಗಿಲಿರುವ ಕೋಣೆ, ಒಗೆಯುವುದಕ್ಕೆ, ಇಸ್ತ್ರಿಗೆ. ನಮ್ಮದು ಅರ್ಧ ಬಯಲು. ಇದೇ ಜಾಗಕ್ಕೆ ಮುಂಬೈ, ಪುಣೆಯಲ್ಲಿ ‘ಡ್ರೈ ಬಾಲ್ಕನಿ’ ಅನ್ನುತ್ತಾರೆ. ಅಲ್ಲಿ ನಿತ್ಯ ನೀರು ಸುರಿಯುತ್ತಿದ್ದರೂ ಅದು ಡ್ರೈ! ಬೆಂಗಳೂರಿನಲ್ಲಿ ಯುಟಿಲಿಟಿ ಇಲ್ಲ ಅಂದರೆ ಫ್ಲ್ಯಾಟ್ ಬೇಡ ಅನ್ನುತ್ತಾರೆ ಹೆಂಗಸರು, ನ್ಯಾಯವಾಗಿ. ಪಾತ್ರೆ ತಿಕ್ಕುವುದು, ಬಟ್ಟೆ, ಮಾಪು, ಕಸದ ಡಬ್ಬ, ಈರುಳ್ಳಿ ಬುಟ್ಟಿ ಎಲ್ಲ ಅಲ್ಲೇ. ಹಳೇ ಮನೆಯಲ್ಲಿ ಇದಕ್ಕೆಲ್ಲ ಹಿತ್ತಲಿತ್ತು, ಒಗೆಯುವ ಕಲ್ಲಿತ್ತು, ಬಚ್ಚಲಿತ್ತು. ನಾಲ್ಕು ಜಾಗದ ಕೆಲಸ ಒಂದು ಕಡೆ ಬಂದು ಬಿದ್ದಿದೆ. ಅದಕ್ಕೆ ಹಿತ್ತಲು ಅನ್ನುವ ಹಾಗೂ ಇಲ್ಲ, ಬಚ್ಚಲು ಅನ್ನುವ ಹಾಗೂ ಇಲ್ಲ. ಹಾಗಾಗಿ ಇಂಗ್ಲಿಷ್ ಪದ ಕೂತಿತು. ಕೆಲಸದ ಹೆಂಗಸರೂ ‘ಯುಟ್ಲಿಟಿ’ ಅಂತಲೇ ಅನ್ನುತ್ತಾರೆ.

ಲ್ಯಾಟಿನ್‌ಪ್ರಿಯೆ
ಇನ್ನೊಂದು ಸೇರಿಸಿ ಹೋಗುತ್ತೇನೆ. ಲ್ಯಾಟಿನ್ನಿನ ಆ ‘ಉತಿ’ ವಸ್ತುಗಳಿಗೆ ಮಾತ್ರ ಅಲ್ಲ, ಜನರಿಗೂ ಹೇಳುತ್ತಿದ್ದರು. ಒಬ್ಬರ ಜೊತೆ ‘ಉತಿ’ ಇದೆ ಅಂದರೆ ಸ್ನೇಹ, ಸಲಿಗೆ ಇದೆ ಅಂತ. ಅವರನ್ನು ದುಡಿಸಿಕೊಳ್ಳುವುದು ಅಂತಲ್ಲ. ನಮ್ಮ ‘ಹೊಕ್ಕುಬಳಕೆ’ ನೆನಪಾಗಲಿಲ್ವಾ? ಆ ಮನೆಯವರಿಗೂ ನಮಗೂ ಹೊಕ್ಕುಬಳಕೆ ಇದೆ ಅನ್ನುತ್ತಾರಲ್ಲ, ಅದೇ. ಇಂಗ್ಲಿಷಿಗೆ ಬಂದ ಯುಟಿಲಿಟಿಯಲ್ಲಿ ಈ ಅರ್ಥ ಉಳಿಯಲಿಲ್ಲ.

ಪಿಯು_ಮೇಷ್ಟ್ರು
ಆಹಾ! ನಮ್ಮ ಬಳಕೆಯಲ್ಲಿ ಎರಡೂ ಇವೆ, ಅವರ ಯುಟಿಲಿಟಿಯಲ್ಲಿ ಒಂದೇ. ಬೆಂಥಮ್‌ನಿಗೆ ಹೊಕ್ಕುಬಳಕೆಯ ಅರ್ಥ ಸಿಕ್ಕಿದ್ದರೆ ಅವನ ಲೆಕ್ಕಾಚಾರ ಸ್ವಲ್ಪ ಮೃದುವಾಗುತ್ತಿತ್ತೇನೋ.

ಗ್ರಾಮಸಭೆ
ಎಲ್ಲ ಓದಿದೆ. ಪಂಚಾಯಿತಿ ಕಚೇರಿಯಲ್ಲಿ ಕೆಲಸ ಮಾಡುವವನ ಯುಟಿಲಿಟಿ ಬೇರೆಯೇ. ಯು.ಸಿ., ಅಂದರೆ ಯುಟಿಲೈಸೇಶನ್ ಸರ್ಟಿಫಿಕೇಟ್. ಕನ್ನಡದಲ್ಲಿ ಹಣ ಬಳಕೆ ಪ್ರಮಾಣ ಪತ್ರ. ಅನುದಾನ ಯಾವುದಕ್ಕೆ ಬಂತೋ ಅದಕ್ಕೇ ಬಳಸಿದ್ದೇವೆ ಅಂತ ಬರೆದು ಸಹಿ ಹಾಕಿ ಕಳಿಸಬೇಕು. ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಚರಂಡಿ ಊರಿಗೆ ಉಪಯೋಗ ಆಯಿತಾ, ಜನಕ್ಕೆ ತುಷ್ಟಿ ಆಯಿತಾ, ಆ ಕಾಗದದಲ್ಲಿ ಅಂಥ ಕಲಂ ಇಲ್ಲ. ದುಡ್ಡು ಖರ್ಚಾಯಿತಾ ಅನ್ನುವುದಷ್ಟೇ.

ಹಿತ್ತಲಗಿಡ
ಹಣ ಬಳಕೆ ಪ್ರಮಾಣ ಪತ್ರ ಅನ್ನುವುದು ಚೆನ್ನಾಗಿದೆಯಲ್ಲ. ಕಚೇರಿಯಲ್ಲಿ ಹಾಗೇ ಅನ್ನುತ್ತೀರಾ?

ಗ್ರಾಮಸಭೆ
ಕಾಗದದ ಮೇಲೆ ಹಾಗೇ. ಬಾಯಲ್ಲಿ ಯು.ಸಿ. ಈಗ ಮಾರ್ಚ್ ತಿಂಗಳು ಬೇರೆ, ತಾಲ್ಲೂಕು ಪಂಚಾಯಿತಿಯಿಂದ ಮೂರನೇ ಫೋನ್ ಬಂತು. ಕಳಿಸಿ ಬಂದು ಉಳಿದದ್ದು ಬರೆಯುತ್ತೇನೆ.